ಎಡಗೈಯ ಪಾಲು

ನಾರಾಯಣಪೇಟೆಯ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಿಚಿಟ್ಟ ಮಹಾಂತಯ್ಯನವರಿಗೆ ಐವತ್ತಾರನೆಯ ವಯಸ್ಸಿನಲ್ಲಿ ಪಿಯಾನೊ ಹುಚ್ಚು ಹಿಡಿಯಿತೆಂದರೆ ಯಾರು ನಂಬುತ್ತಾರೆ? ಮಠದ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದರು, ನಿಜ. ಆದರೆ ಅಲ್ಲಿ ಎಡಗೈಗೆ ಏನು ಕೆಲಸ? ಗಾಳಿ ಹಾಕುವುದು, ಅಷ್ಟೇ. ಫೋನಿನಲ್ಲಿ ಒಮ್ಮೆ ಯಾರೋ ಪಿಯಾನೊ ಬಾರಿಸುವುದನ್ನು ನೋಡಿ ಅವರು ಬೆರಗಾದರು. ಬಲಗೈ ಒಂದು ಹೇಳಿದರೆ ಎಡಗೈ ಇನ್ನೊಂದು ಹೇಳುತ್ತಿದೆ, ಎರಡೂ ಜಗಳವಾಡದೆ ಕೂಡುತ್ತಿವೆ!

ಗದ್ವಾಲದ ಬ್ಯಾಂಡಿನವನೊಬ್ಬನ ಹತ್ತಿರ ಹಳೆಯ ಕೀಬೋರ್ಡ್ ಕೊಂಡು, ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟುಕೊಂಡು ತಂದರು. ಹೆಂಡತಿ ಶಿವಬಸಮ್ಮ ಹಣೆ ಚಚ್ಚಿಕೊಂಡರು.

"ಅಯ್ಯನೋರ ಮನ್ಯಾಗ ಪಾದ್ರಿ ಸಾಮಾನು ಯಾಕ್ರಿ? ಮಂದಿ ನಗ್ತಾರ."

ನಗಲಿ! ಸಂಜೆ ಅಂಗಡಿಯಿಂದ ಬಂದು ಅದರ ಮುಂದೆ ಕೂತರೆಂದರೆ ಚಹಾ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಜರ್ಮನಿಯ ಯಾವನೋ ಪುಣ್ಯಾತ್ಮ ಎಂದೋ ಕಟ್ಟಿದ ಎಂಟು ಸಾಲಿನ ತುಣುಕು. ಎರಡು ವರ್ಷದಲ್ಲಿ ಆರು ಸಾಲು ಬಂತು. ಎಡಗೈ ಮೊದಲ ಸಲ ತಪ್ಪದೆ ಒಂದು ಸಾಲು ದಾಟಿದ ದಿನ "ಬಂತು ನೋಡ, ಬಂತು!" ಎಂದು ಕೂಗಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯನ್ನು ಎಬ್ಬಿಸಿ ತಂದು ಕೂರಿಸಿದ್ದರು. ಅಂಥ ಖುಷಿ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ ಎಂದು ಶಿವಬಸಮ್ಮ ಇಂದಿಗೂ ಛೇಡಿಸುತ್ತಾರೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಪೂಜೆಗೆ ಕೂತಾಗ, ಎಡ ಅಂಗೈಯಲ್ಲಿದ್ದ ಲಿಂಗ ಅಲುಗಿತು. ಗಾಳಿ ಇರಲಿಲ್ಲ, ಫ್ಯಾನೂ ನಿಂತಿತ್ತು. ನಡುಗಿದ್ದು ತಮ್ಮ ಕೈಯೇ ಎಂದು ಮಹಾಂತಯ್ಯನವರಿಗೆ ಹೊಳೆಯಿತು. ಮೊಣಕೈಯನ್ನು ತೊಡೆಗೆ ಒತ್ತಿ ಪೂಜೆ ಮುಗಿಸಿದರು, ಹೆಂಡತಿಗೆ ಹೇಳಲಿಲ್ಲ. ಕೈ ತೋರಿಸಲು ಹೋದಾಗ ಡಾಕ್ಟರು ಸಮಾಧಾನದಿಂದಲೇ ತಿಳಿಸಿದರು: ನರದ ಬೇನೆ, ಗುಳಿಗೆಯಿಂದ ಸ್ವಲ್ಪ ತಡೆದೀತು, ಪೂರ್ತಿ ಹೋಗುವುದಿಲ್ಲ. ಇನ್ನೂ ಎರಡು ಸಾಲು ಉಳಿದಿವೆ, ಅಷ್ಟು ಕಲಿಯುವ ತನಕ ಕೈ ನಿಲ್ಲುತ್ತದೆಯೇ ಎಂದು ಇವರು ಕೇಳಿದರು. ಯಾವ ಸಾಲು, ಏನು ಕಥೆ, ಡಾಕ್ಟರಿಗೆ ತಿಳಿಯಲಿಲ್ಲ.

ಒಮ್ಮೆ, ಒಂದೇ ಒಮ್ಮೆ, ಮೊದಲಿನಿಂದ ಕೊನೆಯ ತನಕ ಎರಡೂ ಕೈಯಲ್ಲಿ ಬಾರಿಸಿಬಿಟ್ಟರೆ ಸಾಕಿತ್ತು. ಏಳನೆಯ ಸಾಲು ಕಲಿಯುವಷ್ಟರಲ್ಲಿ ಎರಡನೆಯದರಲ್ಲಿ ಉಂಗುರಬೆರಳು ತಡವರಿಸಿತು. ಎಂಟನೆಯದು ಕೈಗೆ ಹತ್ತಿದಾಗ ಹಿಂದಿನ ಯಾವ ಸಾಲಿಗೂ ಎಡಗೈ ಬರಲೊಲ್ಲದು. ಬೈದರು, ಬಿಸಿನೀರಿನಲ್ಲಿ ಅದ್ದಿದರು, ಬಟ್ಟೆ ಕಟ್ಟಿ ಮಣಿಕಟ್ಟು ಬಿಗಿದರು. ಹಾಳಾದ್ದು, ನಡುಗುವುದೇ ಇದ್ದರೆ ಬಲಗೈ ನಡುಗಬಾರದಿತ್ತೇ!

ಒಂದು ಸಂಜೆ ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತರು. ಶಿವಬಸಮ್ಮ ಓಡಿ ಬಂದರು. ಮಹಾಂತಯ್ಯ ಎಡಗೈ ಎತ್ತಿ ತೋರಿಸಿದರು. ಅದು ನಡುಗುತ್ತಲೇ ಇತ್ತು.

"ಪೂರಾ ಬಾರಸಾಕ ಆಗಂಗಿಲ್ಲ ಇನ್ನ. ಹೋತು."

"ನನಗ ಗೊತ್ತೈತ್ರಿ. ದಿನಾ ಸಂಜೀಕ ಕೇಳ್ತೀನಲ್ಲ." ಆಕೆ ಪಕ್ಕದಲ್ಲೇ ಕೂತರು. "ಯಾವ ಸಾಲು ಬರ್ತೈತಿ?"

"ಕೊನೀದು ಒಂದ."

"ಅದನ್ನ ಬಾರಸ್ರಿ."

ಬಾರಿಸಿದರು. ಎಡಗೈ ತಪ್ಪಲಿಲ್ಲ.

"ಇನ್ನೊಮ್ಮಿ."

ಬಾರಿಸಿದರು. ಈ ಸಲ ನಡುವೆ ಒಂದು ಸ್ವರ ಹಾರಿಹೋಯಿತು. ಇಬ್ಬರಿಗೂ ಕೇಳಿಸಿತು.

"ಇನ್ನೊಮ್ಮಿ ಬಾರಸ್ರಿ," ಎಂದರು ಶಿವಬಸಮ್ಮ, ಅವರ ತೋಳು ಗಟ್ಟಿಯಾಗಿ ಹಿಡಿದು. "ಲಗೂ ಬಾರಸ್ರಿ."