ಕಂಪನಿಗೆ ಬೇಡವಾದ ಸಾಲು

ನಮ್ಮಪ್ಪ ಮೂವತ್ತು ವರ್ಷದಿಂದ ಜಾಹೀರಾತು ಹಲಗೆಗಳಿಗೆ ಹಾಳೆ ಅಂಟಿಸುವವರು. ಮೈದಾ ಅಂಟು ಕುದಿಸುವುದು, ಏಣಿ ಹಿಡಿಯುವುದು ನನ್ನ ಪಾಲು. ಅವರ ಕಟ್ಟುನಿಟ್ಟು ಒಂದೆರಡಲ್ಲ. ಕೆಳಗಿನ ಹಾಳೆ ಮೊದಲು, ಮೇಲಿನದು ಕೊನೆಗೆ. ಇಲ್ಲದಿದ್ದರೆ ಮಳೆನೀರು ಸಂದಿಗೆ ಇಳಿಯುತ್ತದಂತೆ. ನಂಬರು ಹಾಕಿ ಮಡಚಿದ ಹಾಳೆಯನ್ನು ಅಂಟಿಸುವ ಹೊತ್ತಿಗಷ್ಟೇ ಬಿಡಿಸಬೇಕು. ಮುಖ ಬಂದರೆ ಕಣ್ಣಿನ ಮೇಲೆ ಗೆರೆ ಬೀಳಕೂಡದು. ಇಷ್ಟೆಲ್ಲ ನೆನಪಿರುವ ಮನುಷ್ಯನಿಗೆ ಕುಡಿಯುವ ನೀರಿನ ಬಾಟಲಿ ಮಾತ್ರ ದಿನಾ ಮರೆತುಹೋಗುತ್ತದೆ.

ನನ್ನ ತಮ್ಮ ರ‍್ಯಾಪ್ ಹಾಡುತ್ತಾನೆ. ಕಂಪನಿಗಳಿಗೆ ನಾಲಿಗೆ ಮಾರಲ್ಲ ಎಂದು ಹಾಡಿಯೇ ಹೆಸರು ಮಾಡಿದವನು. ಬಿಸಿಲಲ್ಲಿ ನಿಂತು ತಂಪು ಪಾನೀಯದ ಹಾಳೆ ಅಂಟಿಸುವ ಅಪ್ಪನ ಮೇಲೂ ಒಂದು ಹಾಡು ಕಟ್ಟಿದ್ದ. ಅಪ್ಪನಿಗೆ ಅದರ ತಲೆಬುಡ ತಿಳಿದಿರಲಿಲ್ಲ. ಹುರಿದ ಕಾಳು ಸಿಡಿದ ಹಾಗೆ ಹಾಡ್ತಾನಪ್ಪ ಇವನು ಎಂದು ನಕ್ಕು ಸುಮ್ಮನಾಗಿದ್ದರು.

ಅಂಥವನು ಕಳೆದ ತಿಂಗಳು ಒಂದು ತಂಪು ಪಾನೀಯದ ಜಾಹೀರಾತಿಗೆ ಒಪ್ಪಿಕೊಂಡ. ಓಣಿಯವರೆಲ್ಲ, ಅಪ್ಪನ ಕಿವಿಗೆ ಬೀಳದ ಹಾಗೆ, ಮಾರಿಕೊಂಡ ಎಂದು ಆಡಿಕೊಂಡರು. ನಾನೇನು ಬಿಟ್ಟೆನೇ? ಉಗಿದದ್ದನ್ನೇ ನೆಕ್ಕಿದೆಯಲ್ಲೋ ಎಂದು ಬೈದೆ. ಅಪ್ಪ ಮಾತು ಬಿಟ್ಟುಬಿಟ್ಟರೆ ಎಂಬ ಒಂದೇ ಭಯ ಅವನಿಗೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ನುತ್ತಲೇ ಇದ್ದ. ಅಷ್ಟರಲ್ಲಿ, ಕರ್ಮ ನೋಡಿ, ಆ ಜಾಹೀರಾತಿನ ಹಾಳೆಗಳ ಕಟ್ಟು ನಮ್ಮ ಕೈಗೇ ಬಂತು.

ನಾಲ್ಕನೆಯ ಹಾಳೆಯಲ್ಲಿ ಗಲ್ಲ ಬಂತು. ಅದರ ಮೇಲೆ, ಚಿಕ್ಕಂದಿನಲ್ಲಿ ತಮ್ಮ ಇದೇ ಏಣಿಯಿಂದ ಬಿದ್ದಾಗ ಆದ ಕಲೆ. ಅಪ್ಪನ ಬ್ರಷ್ಷು ನಿಂತಿತು. ಫೋನು ಮಾಡಿ ತಮ್ಮನನ್ನು ಕರೆಸಿದೆ. ಅವನು ಓಡಿ ಬರುವಷ್ಟರಲ್ಲಿ ಅಪ್ಪ ಕಣ್ಣುಗಳನ್ನೂ ಅಂಟಿಸಿ ಮುಗಿಸಿದ್ದರು, ಒಂದೂ ಗೆರೆಯಿಲ್ಲದೆ. ಕೊನೆಯ ಹಾಳೆಯಲ್ಲಿ ಬರೀ ಅಕ್ಷರ. ಅಪ್ಪ ಏಣಿಯ ಮೇಲೆಯೇ ನಿಂತು ಓದಿದರು: ‘ಊರಿಗೆಲ್ಲ ತಂಪು ಹಂಚ್ತಾನೆ ನಮ್ಮಪ್ಪ.’

ಇಳಿದು ಬಂದು, ಇದು ನಾನಾ ಎಂದು ಕೇಳಿದರು. ತಮ್ಮ ತಲೆ ತಗ್ಗಿಸಿ, ಹೂಂ, ಆ ಹಾಡಿಂದೇ ಅಂದ.

“ಇಷ್ಟೇನಾ?”

“ಇನ್ನೊಂದು ಸಾಲಿದೆ ಅಪ್ಪ. ಅವರು ಬೇಡ ಅಂದ್ರು.”

“ಹೇಳು. ನಿಧಾನವಾಗಿ ಹೇಳು.”

“ಬಾಟ್ಲಿ ಮರೆತು ಗಂಟ್ಲು ಒಣಗಿಸ್ಕೊಂಡು ಬರ್ತಾನೆ ನಮ್ಮಪ್ಪ,” ಅಂದ ತಮ್ಮ. ಅಂದವನೇ ಅತ್ತುಬಿಟ್ಟ. ಬೈದಿದ್ದ ನನಗೂ ಅಳು ತಡೆಯಲಾಗಲಿಲ್ಲ.

ಅಪ್ಪ ಅಂಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನ ತಲೆಯ ಮೇಲಿಟ್ಟರು.

“ನಂಗೆ ಹೇಳದೆ ಇದ್ದಿದ್ದು ತಪ್ಪು. ಆದ್ರೆ ಈ ಸಾಲು ಅವ್ರು ತಗೊಂಡಿಲ್ಲ ತಾನೆ? ಹಾಗಾದ್ರೆ ಇದು ನಮ್ದು. ಇದನ್ನ ಯಾರಿಗೂ ಕೊಡಬೇಡ ಮಗ.”

ನಾನು ನೀರಿನ ಬಾಟಲಿ ಮುಂದೆ ಹಿಡಿದೆ. ಅಪ್ಪ ಅರ್ಧ ಕುಡಿದು, ಉಳಿದದ್ದನ್ನು ಅವನಿಗೆ ಕೊಟ್ಟರು.