ಕರೀಂ ಸಾಬರು ಹೊಲಿಯದ ಕೋಟು

ತಿಪಟೂರಿನಲ್ಲಿ ದರ್ಜಿ ಕರೀಂ ಸಾಬರ ಬಾಯಿಂದ ‘ನಾಳೆ ಬಾ’ ಅನ್ನಿಸಿಕೊಳ್ಳದ ಮನುಷ್ಯನೇ ಇರಲಿಲ್ಲ. ಮದುವೆ ಗಂಡಾದರೂ ಅಷ್ಟೆ, ಮೇಷ್ಟ್ರಾದರೂ ಅಷ್ಟೆ. ‘ಕಾಜ ಒಂದು ಬಾಕಿ ಕಣಪ್ಪ, ನಾಳೆ ಖಂಡಿತ’ ಅನ್ನುವರು. ಆ ನಾಳೆ ಬರುವಷ್ಟರಲ್ಲಿ ಗಿರಾಕಿಯ ಹೊಟ್ಟೆ ಎರಡು ಬೆರಳು ಮುಂದೆ ಬಂದಿರುತ್ತಿತ್ತು. ಅದಕ್ಕೂ ಸಾಬರ ಬಳಿ ಮದ್ದಿತ್ತು. ಯಾವ ಬಟ್ಟೆ ಕತ್ತರಿಸಿದರೂ ಹೊಲಿಗೆಯ ಒಳಗೆ ಒಂದಿಷ್ಟು ಹೆಚ್ಚಿಗೆ ಬಿಡುವರು. ಬೇಕಾದಾಗ ಬಿಚ್ಚಿ ಅಗಲ ಮಾಡಿಕೊಂಡರಾಯಿತು.

ಇಂಥವರ ಒಬ್ಬಳೇ ಮಗಳು ಕುಬ್ರಾ. ಬಿ.ಫಾರ್ಮ ಓದುವಾಗ ರಜೆಯಲ್ಲಿ ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ಅವಳ ತಲೆಗೊಂದು ಹುಳ ಹೊಕ್ಕಿತು. ಬಿ.ಪಿ. ಮಾತ್ರೆಗೆ ತಪ್ಪದೆ ಬರುತ್ತಿದ್ದ ಗಂಗಕ್ಕ ಎಂಬ ಮುದುಕಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದಳು. ವಾಸಿಯಾಯಿತೋ, ಬೇಸರ ಬಂತೋ, ಮಣ್ಣಾದಳೋ? ಅಂಗಡಿಯ ಯಜಮಾನರನ್ನು ಕೇಳಿದರೆ, ‘ಮಾತ್ರೆ ಕೊಟ್ವಲ್ಲಮ್ಮ, ಮುಂದಿಂದು ನಮಗ್ಯಾಕೆ ಬುಡು’ ಎಂದರು. ಕುಬ್ರಾಳಿಗೆ ಬೇಕಾಗಿದ್ದದ್ದೇ ಮುಂದಿಂದು. ಮಾತ್ರೆ ಕೊಟ್ಟ ಕೈಗೆ ಸುದ್ದಿ ಮಾತ್ರ ವಾಪಸ್ಸು ಬರುವುದಿಲ್ಲ ಎನ್ನುವುದು ಅವಳನ್ನು ಊಟಕ್ಕೆ ಕೂತಾಗಲೂ ಕಾಡಿತು.

ಆಗ ಮೈಸೂರಿನಲ್ಲಿ ಹೊಸದೊಂದು ಓದು ಶುರುವಾಗಿತ್ತು. ಔಷಧಿ ಓದಿದವರೂ ಡಾಕ್ಟರುಗಳ ಜೊತೆ ವಾರ್ಡು ಸುತ್ತಬೇಕು, ರೋಗಿಯ ಪಕ್ಕ ಕೂತು ಏನು ತಿಂತೀರಿ, ಮಾತ್ರೆ ಯಾವಾಗ ನುಂಗ್ತೀರಿ, ನುಂಗಿದ ಮೇಲೆ ಹೇಗಾಯಿತು ಎಂದು ಕೇಳಬೇಕು. ಕ್ಲಿನಿಕಲ್ ಫಾರ್ಮಸಿ ಅಂತ ಅದರ ಹೆಸರು. ಕುಬ್ರಾ ಸೇರಿದಳು. ಒಂದು ವರ್ಷ ಯಾರೋ ಸೀನಿಯರ್ ಕೊಟ್ಟ ಹಳೇ ಬಿಳಿ ಕೋಟು ಹಾಕಿಕೊಂಡು ವಾರ್ಡು ಸುತ್ತಿದಳು. ನಿನ್ನೆ ಎದ್ದು ಕೂರಲಾರದವರು ಇವತ್ತು ಕಾಫಿ ಕೇಳುವುದನ್ನು ಕಣ್ಣಾರೆ ಕಂಡಳು. ಅಷ್ಟು ಸುಖವಾಗಿ ಅವಳು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ರಜೆಗೆ ಬಂದಾಗ ಸಾಬರು ಆ ಕೋಟನ್ನು ಕಂಡು ಕೆಂಡವಾದರು. ‘ದರ್ಜಿ ಮಗಳು ಕಂಡೋರ ಕೋಟು ಹಾಕ್ಕೊಂಡು ತಿರುಗೋದಾ? ಭುಜ ನೋಡು, ಮೊಣಕೈಗೆ ಇಳಿದೈತೆ!’ ಮನೆಯ ಮಾತು ಉರ್ದುವಾದರೂ, ಸಿಟ್ಟು ಬಂದರೆ ಸಾಬರ ನಾಲಿಗೆಗೆ ಅಂಗಡಿಯ ಕನ್ನಡವೇ ಬರುತ್ತಿತ್ತು. ಅಂದೇ ಅಳತೆ ತೆಗೆದು, ಒಳ್ಳೆಯ ಬಿಳಿ ಬಟ್ಟೆ ತಂದು, ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿದರು. ‘ಹೋಗೋ ಹೊತ್ತಿಗೆ ಹೊಲ್ದು ಕೊಡ್ತೀನಿ’ ಎಂದರು. ಮರುವಾರವೇ ಎದೆ ಹಿಡಿದುಕೊಂಡು ಮಲಗಿದರು.

ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಉಪ್ಪು ಬಿಡಿ, ಬಾಳೆಹಣ್ಣು, ಹಣ್ಣಿನ ರಸ ಕೊಡಬೇಡಿ ಎಂದು ಬಿಡಿಸಿ ಹೇಳಿದರು. ತಾಯಿ ಫಾಮಿದಾ ಒಂದು ಹಣ್ಣಿನ ಸಿಪ್ಪೆಯೂ ಒಳಗೆ ಬಾರದಂತೆ ಕಾದಳು. ಕುಬ್ರಾ ಹೊತ್ತು ತಪ್ಪದೆ ಮಾತ್ರೆ ಕೊಟ್ಟಳು.

ಸಾಬರ ಜೀವದ ಗೆಳೆಯ ಏಕಾಂತಯ್ಯ. ತುರುವೇಕೆರೆ ರಸ್ತೆಯಲ್ಲಿ ಅವನ ತೋಟ. ಕೊಬ್ಬರಿಗೆಂದು ಬಿಟ್ಟ ಗೊನೆಗೆ ನೆಂಟರೂ ಕೈ ಹಾಕದಂತೆ ಕಾಯುವ ಮಹಾ ಜುಗ್ಗ. ಅಂಥವನು ದಿನಾ ಬೆಳಿಗ್ಗೆ ಲೂನಾ ಮೇಲೆ ಎಳನೀರು ತಂದು, ತಾನೇ ಕೊಚ್ಚಿ, ಗೆಳೆಯ ಕುಡಿದು ಮುಗಿಸುವವರೆಗೂ ಎದುರಿಗೆ ಕೂತಿರುತ್ತಿದ್ದ. ಕಾಯಿಲೆಯವರನ್ನು ಈ ಸೀಮೆಯಲ್ಲಿ ಎಳನೀರಿಲ್ಲದೆ ಯಾರೂ ನೋಡಲು ಹೋಗುವುದಿಲ್ಲ. ತಂದಿದ್ದನ್ನು ಅವರೆದುರಿಗೇ ಕುಡಿಯದಿದ್ದರೆ ಅದು ಮರ್ಯಾದೆಯೂ ಅಲ್ಲ. ಏಕಾಂತಯ್ಯನ ಜೊತೆಗೆ ಓಣಿಯವರು, ಗಿರಾಕಿಗಳು, ಎಲ್ಲರೂ ತಂದರು.

ಸಾಬರು ಮೊದಲು ಚೇತರಿಸಿಕೊಂಡರು, ಆಮೇಲೆ ಇಳಿಯತೊಡಗಿದರು. ಕಾಲು ನಿಲ್ಲದಾಯಿತು. ಒಂದು ಬೆಳಿಗ್ಗೆ ಕೈಗೆ ಕತ್ತರಿ ಎತ್ತಲೂ ಆಗಲಿಲ್ಲ. ಕುಬ್ರಾ ನಾಡಿ ಹಿಡಿದರೆ ಅದು ತೀರಾ ನಿಧಾನ. ಮಾತ್ರೆ ಸರಿಯಿದೆ, ಹೊತ್ತು ಸರಿಯಿದೆ, ಊಟ ಸರಿಯಿದೆ. ಮತ್ತೆಲ್ಲಿ ತಪ್ಪಿತು? ದಿಕ್ಕು ತೋಚದೆ ಬಾಗಿಲಿಗೆ ಬಂದು ನಿಂತಳು. ಮೋರಿಯ ಪಕ್ಕ ಕುಡಿದು ಬಿಸುಟ ಎಳನೀರು ಬುರುಡೆಗಳ ರಾಶಿ ಬಿದ್ದಿತ್ತು. ಓಣಿಯ ಮೇಕೆಗಳು ಅದರಲ್ಲಿ ಮೂತಿ ಇಟ್ಟಿದ್ದವು.

ಬಾಳೆಹಣ್ಣಿನಲ್ಲಿರುವ ಪೊಟ್ಯಾಷಿಯಂ ಎಳನೀರಿನಲ್ಲೂ ಧಾರಾಳ. ಅಬ್ಬನ ಮಾತ್ರೆಗಳು ಅದನ್ನು ಮೈಯಿಂದ ಹೊರಗೆ ಹೋಗಲು ಬಿಡುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಕೈಕಾಲು ಸೋಲುತ್ತವೆ, ಗುಂಡಿಗೆ ನಿಂತೇ ಹೋಗಬಹುದು. ಇದೆಲ್ಲ ಅವಳಿಗೆ ಬಾಯಿಪಾಠ. ಆದರೂ ಇಷ್ಟು ದಿನ ಹೊಳೆದಿರಲಿಲ್ಲ. ತೆಂಗಿನ ಸೀಮೆಯವರಿಗೆ ಎಳನೀರು ಹಣ್ಣೂ ಅಲ್ಲ, ರಸವೂ ಅಲ್ಲ, ಅದು ಬರೀ ನೀರು. ಓದಿ ಬಂದರೂ ಅವಳು ಇದೇ ನೀರು ಕುಡಿದು ಬೆಳೆದವಳು ತಾನೆ!

ಏಕಾಂತಯ್ಯ ಆಗಲೇ ಮಚ್ಚು ಎತ್ತಿದ್ದ.

‘ಬೇಡ ಮಾಮ, ಕೊಚ್ಬೇಡಿ! ಅಬ್ಬಾಗೆ ಎಳನೀರು ಕೊಡಂಗಿಲ್ಲ.’

‘ಯಾಕವ್ವಾ? ನಮ್ ತೋಟದ ನೀರು ವಿಷ ಆಗೋಯ್ತಾ?’ ಅವನ ಮುಖ ಸಣ್ಣಗಾಯಿತು.

‘ಈ ಮಾತ್ರೆ ಜೊತೆಗೆ ವಿಷಾನೇ ಮಾಮ. ಬೇಗ ಒಂದು ಕಾರು ಕರ್ಕೊಂಡ್ ಬನ್ನಿ.’

ಡಾಕ್ಟರು ಅವಳ ಮಾತು ಕೇಳಿದ್ದೇ ತಡ, ಸೂಜಿ ಹಾಕಿ ತುಮಕೂರಿಗೆ ಕಳಿಸಿದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಸಾಬರು ಉಳಿದರು. ಮನೆಗೆ ಬಂದ ಮೇಲೂ ಏಕಾಂತಯ್ಯ ದಿನಾ ಬರುತ್ತಿದ್ದ. ಬರಿಗೈಯಲ್ಲಿ ಬಂದು ಅಭ್ಯಾಸವಿಲ್ಲದೆ, ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಿದ್ದ.

ಕುಬ್ರಾ ಎಸ್‌ಟಿಡಿ ಬೂತಿನಿಂದ ಮೈಸೂರಿನ ಮೇಡಂಗೆ ಎಲ್ಲ ಹೇಳಿದಳು. ಅವರು, ‘ಕುಬ್ರಾ, ಇದೇ ನಿನ್ನ ಸಂಶೋಧನೆ. ನಿಮ್ಮ ಕಡೆ ಇನ್ನೆಷ್ಟು ಜನರಿಗೆ ಹೀಗಾಗಿದೆಯೋ ಯಾರು ನೋಡಿದ್ದಾರೆ? ಬೇಗ ಬಾ’ ಎಂದರು. ಬೂತಿನಿಂದ ಹೊರಗೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಮನೆಯಲ್ಲಿ ಫಾಮಿದಾ ಅಡಿಗೆ ಮಾಡುತ್ತ, ‘ನೀನಿದ್ದಿದ್ದಕ್ಕೆ ಇವರು ಉಳಿದರು. ನೀನು ಹೋದರೆ ಗತಿ ಏನು?’ ಎಂದು ಅತ್ತಳು. ಜೀವ ಉಳಿಸಿದ ವಿದ್ಯೆಯೇ ಕಾಲಿಗೆ ಹಗ್ಗವಾಯಿತು.

ಕುಬ್ರಾ ಅಬ್ಬನನ್ನು ಒಂದೇ ಒಂದು ಮಾತು ಕೇಳಿದಳು. ‘ಕೋಟು ಯಾವಾಗ ಕೊಡ್ತೀರಿ?’

‘ನಾಳೆ ಕಣಮ್ಮ’ ಎಂದರು ಕರೀಂ ಸಾಬರು.

ಅವರು ಮತ್ತೆ ಮೆಷಿನ್ ತುಳಿದರು. ರಂಜಾನಿನ ಬಟ್ಟೆ ಹೊಲಿದರು, ಸ್ಕೂಲಿನ ಯೂನಿಫಾರಂ ಹೊಲಿದರು, ಏಕಾಂತಯ್ಯನಿಗೆ ಪಟ್ಟಾಪಟ್ಟಿ ಚಡ್ಡಿಯನ್ನೂ ಹೊಲಿದರು. ಕೋಟು ಮಾತ್ರ ನಾಳೆ. ಒಂದು ಕೋಟಿಗಾಗಿ ಯಾರಾದರೂ ಕಾಯುತ್ತಾರೆಯೇ, ಅಂಗಡಿಯಲ್ಲಿ ಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಅವಳು ಕಾದದ್ದು ಕೋಟಿಗಲ್ಲ ಸ್ವಾಮಿ, ಹೋಗು ಎನ್ನುವ ಮಾತಿಗೆ. ಅದು ಬರಲಿಲ್ಲ. ಸೀಟು ಹೋಯಿತು. ಕುಬ್ರಾ ಬಸ್‌ಸ್ಟ್ಯಾಂಡಿನ ಎದುರಿನ ಅದೇ ಮೆಡಿಕಲ್ ಸ್ಟೋರಿಗೆ ಸೇರಿಕೊಂಡಳು. ಪಕ್ಕದ ಬೀದಿಯ ಮೆಕ್ಯಾನಿಕ್ ವಾಸಿಫ್‌ನನ್ನು ಮದುವೆಯಾದಳು. ಒಳ್ಳೆಯ ಗಂಡ, ಯಾವುದಕ್ಕೂ ಕಮ್ಮಿಯಿಲ್ಲ. ಆದರೆ ಮೈಸೂರು ಬಸ್ಸು ಹಾರನ್ ಹೊಡೆದಾಗ ಮಾತ್ರೆ ಎಣಿಸುವ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಎಷ್ಟು ವರ್ಷವಾದರೂ ಅದು ತಪ್ಪಲಿಲ್ಲ.

ಹತ್ತು ವರ್ಷ ಕಳೆದು, ಎರಡು ಸಾವಿರದ ಎಂಟರಲ್ಲಿ ಒಂದು ದಿನ ಬಿಳಿ ಕೋಟಿನ ಇಬ್ಬರು ಹುಡುಗಿಯರು ಮೆಡಿಕಲ್ ಸ್ಟೋರಿಗೆ ಬಂದರು. ಮೈಸೂರಿನ ವಿದ್ಯಾರ್ಥಿನಿಯರಂತೆ. ‘ಆಂಟಿ, ಹೃದಯದ ಮಾತ್ರೆ ತಗೊಳೋರು ಇಲ್ಲಿ ಎಳನೀರು ಕುಡೀತಾರಾ? ಅದರ ಮೇಲೆ ರಿಸರ್ಚ್ ಮಾಡ್ತಿದೀವಿ.’ ಕುಬ್ರಾ ಬೇರೆ ಗಿರಾಕಿಗಳನ್ನು ನಿಲ್ಲಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅವರು ಥ್ಯಾಂಕ್ಸ್ ಹೇಳಿ ಹೋದ ಮೇಲೆ ಒಳಗೆ ಪೆಟ್ಟಿಗೆಗಳ ಮರೆಗೆ ಹೋಗಿ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಅಬ್ಬನಿಗೆ ಮಾತ್ರೆ ಕೊಡಲು ಹೋದಾಗ ಸುದ್ದಿ ಹೇಳಿದಳು. ಸಾಬರು, ‘ಅವರ ಕೋಟು ಭುಜದ ಮೇಲೆ ಸರಿಯಾಗಿ ಕೂತಿತ್ತಾ?’ ಎಂದು ಕೇಳಿದರು. ಆಮೇಲೆ ಎದ್ದು, ಟ್ರಂಕಿನ ತಳದಿಂದ ಬಿಳಿ ಬಟ್ಟೆಯ ತುಂಡುಗಳನ್ನು ತೆಗೆದರು. ಸೀಮೆಸುಣ್ಣದ ಗೆರೆ ಇನ್ನೂ ಮಾಸಿರಲಿಲ್ಲ.

‘ಒಂದು ಮಧ್ಯಾಹ್ನದ ಕೆಲಸ ಇದು. ಹೊಲ್ದುಬಿಟ್ರೆ ನೀನು ಹೋಗ್ತೀಯ, ನೀನು ಹೋದ್ರೆ ನಾನು ಸಾಯ್ತೀನಿ ಅಂತ ಹೆದರ್ಕೊಂಡೆ ಕಣಮ್ಮ.’

‘ನಂಗೊತ್ತಿತ್ತು ಅಬ್ಬಾ.’

‘ಗೊತ್ತಿದ್ದೂ ಯಾಕೆ ಹೋಗ್ಲಿಲ್ಲ?’

‘ನೀವು ಏನಾದ್ರಿ ಅಂತ ಅಲ್ಲಿ ನಂಗೆ ಯಾರು ಹೇಳ್ತಿದ್ರು?’

ಸಾಬರು ಮುಖ ಮುಚ್ಚಿಕೊಂಡು ಅತ್ತರು. ಅತ್ತು ಮುಗಿಸಿ ಮೆಷಿನ್ನಿಗೆ ಕೂತರು. ಕಣ್ಣು ಕಾಣದು, ಸೂಜಿಗೆ ದಾರ ಅವಳೇ ಪೋಣಿಸಿ ಕೊಟ್ಟಳು. ಒಳಗೆ ಬಿಟ್ಟಿದ್ದ ಹೆಚ್ಚಿನ ಬಟ್ಟೆಯಿಂದಾಗಿ ಇಷ್ಟು ವರ್ಷಗಳ ಮೇಲೂ ಕೋಟು ಅವಳಿಗೆ ಸರಿಯಾಗಿ ಕೂತಿತು. ಸಾಬರು ಭುಜ ಸವರಿ ನೋಡಿ, ಹಲ್ಲಿನಿಂದ ದಾರ ಕಡಿದು, ‘ಹೋಗಮ್ಮ’ ಎಂದರು.

ಕುಬ್ರಾ ಕೋಟು ಹಾಕಿಕೊಂಡೇ ಹೊರಟಳು. ಹೋದದ್ದು ಮೆಡಿಕಲ್ ಸ್ಟೋರಿಗೆ, ಇನ್ನೆಲ್ಲಿಗೆ ಹೋದಾಳು? ಹುಳಿಯಾರು ಕಡೆಯ ಹೆಂಗಸೊಬ್ಬಳು ಗಂಡನ ಹೃದಯದ ಮಾತ್ರೆಗೆ ಕಾದು ನಿಂತಿದ್ದಳು. ಕುಬ್ರಾ ಮಾತ್ರೆ ಕೊಟ್ಟು, ಎಳನೀರು ಕೊಡಬೇಡಿ ಎಂದು ಬಿಡಿಸಿ ಹೇಳಿದಳು.

‘ಹೇಗಿದಾರೆ ಅಂತ ಒಂದ್ಸಲ ಬಂದು ಹೇಳಿ ಹೋಗೀಮ್ಮ.’

‘ಮಾತ್ರೆ ಬ್ಯಾಡ್ದಿದ್ರೂ ಬರ್ಬೇಕಾ?’

‘ಬೇಡದಿದ್ರೂ ಬನ್ನಿ’ ಎಂದಳು ಕುಬ್ರಾ.