ಗೊಂಬೆ ನೋಡಿದವರಿಗೆ ತಿಂಡಿ

ಮೈಸೂರು ಬಿಟ್ಟ ಮೂರನೆಯ ದಿನ ಬೆಳಿಗ್ಗೆ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದೆ. ರೈಲಿನ ಊಟಕ್ಕೆ ನಾಲಿಗೆ ಕೆಟ್ಟುಹೋಗಿತ್ತು. ನವರಾತ್ರಿಯ ದಿನಗಳಾದ್ದರಿಂದ ಬಿಸಿಲು ಹಿತವಾಗಿತ್ತು. ಮಗಳು ಸುಮಾಳ ಮನೆ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಆ ವರ್ಷ ಗೊಂಬೆ ಕೂರಿಸುವುದನ್ನೂ ಬಿಟ್ಟು ಅಷ್ಟು ದೂರ ಹೋದದ್ದು ಒಂದೇ ಆಸೆಗೆ: ಆರು ವರ್ಷದ ಮೊಮ್ಮಗಳು ಅದಿತಿಯ ಬಾಯಲ್ಲಿ ಕನ್ನಡ ಕೇಳಬೇಕಿತ್ತು. ನನಗೆ ಹಿಂದಿ ಬಾರದು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದಿಲ್ಲ. "ಊಟ ಆಯ್ತೇನೇ?" ಅಂದರೆ "ಹೋ ಗಯಾ" ಅನ್ನುತ್ತಿದ್ದಳು. ರಾತ್ರಿ ನಮ್ಮೂರ ಗೊಂಬೆ ಹಬ್ಬದ ಕತೆ ಹೇಳಿದರೆ ಫ್ಯಾನು ನೋಡುತ್ತ ಮಲಗಿರುತ್ತಿದ್ದಳು. ನನಗೆ ಅಳುವೇ ಬರುತ್ತಿತ್ತು.

ಭಾನುವಾರ ಸುಮಾ ನಮ್ಮಿಬ್ಬರನ್ನು ಒಂದು ಮ್ಯೂಸಿಯಮ್ಮಿಗೆ ಹೊರಡಿಸಿದಳು. "ಭಯ್ಯಾ, ಪಚಾಸ್ ಸೇ ಜ್ಯಾದಾ ನಹೀಂ" ಎಂದು ಆಟೋದವನ ಜೊತೆ ಜಗಳವಾಡಿ ಗೆದ್ದಳು. ಮದುವೆಗೆ ಮುಂಚೆ ಈ ಗಂಟಲು ಇರಲಿಲ್ಲ.

ಅಲ್ಲಿ ಕಲಾವಿದರು ಹಬ್ಬಗಳನ್ನೇ ಆಟವಾಗಿಸಿದ್ದರು. ರಾವಣನ ಮೀಸೆ ಎಳೆದರೆ ಹತ್ತು ತಲೆಯೂ ಒಟ್ಟಿಗೆ ಸೀನುತ್ತಿದ್ದವು. ಬೆತ್ತದ ಆನೆಯೊಂದು ಪೆಡಲ್ ತುಳಿದವರಿಗೆ ಕಿವಿಯಿಂದ ಗಾಳಿ ಬೀಸುತ್ತಿತ್ತು. ನಾನೂ ಸೆರಗು ಸಿಕ್ಕಿಸಿ ತುಳಿದೆ. ಕೊನೆಯ ಕೋಣೆಯಲ್ಲಿ ಮೆಟ್ಟಿಲುಗಳ ಮೇಲೆ ತಗಡಿನ ಡಬ್ಬಿ, ಹಳೇ ಚಮಚಗಳ ಗೊಂಬೆಗಳು. ದಾರ ಎಳೆದರೆ ರಾಜ ತಲೆಯಾಡಿಸುತ್ತಿದ್ದ, ರಾಣಿ ಬೆನ್ನು ತಿರುಗಿಸುತ್ತಿದ್ದಳು. ನಮ್ಮಲ್ಲಿ ಗೊಂಬೆ ಮುಟ್ಟಿದರೆ ಕೈಗೆ ಏಟು. ಇಲ್ಲಿ ಮುಟ್ಟಿ ಎಂದೇ ಬೋರ್ಡು ಹಾಕಿದ್ದಾರೆಂದು ಸುಮಾ ಓದಿ ಹೇಳಿದಳು.

ಗೊಂಬೆ ಕಂಡದ್ದೇ ಎಲ್ಲಿದ್ದೇನೆಂಬುದು ಮರೆತುಹೋಯಿತು. ನಮ್ಮ ಕಡೆ ನವರಾತ್ರಿಯ ಸಂಜೆ ಮಕ್ಕಳು ಮನೆಮನೆಗೆ ಬಂದು "ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳುತ್ತಾರೆ. ನೋಡಿದವರ ಕೈಗೆ ತಿಂಡಿ ಹಾಕದೆ ಕಳಿಸುವ ಹಾಗಿಲ್ಲ. ಚೀಲದಿಂದ ಕೊಬ್ಬರಿ ಮಿಠಾಯಿ ಡಬ್ಬಿ ತೆಗೆದು ಅಲ್ಲಿದ್ದ ಮಕ್ಕಳಿಗೆಲ್ಲ ಹಂಚತೊಡಗಿದೆ. ಕಾವಲಿನವನು ಓಡಿಬಂದ.

"ಮಾತಾಜೀ, ಖಾನಾ ಮನಾ ಹೈ!"

"ಅಯ್ಯೋ ಅಮ್ಮ, ಇಲ್ಲಿ ತಿನ್ನೋ ಹಾಗಿಲ್ವಂತೆ, ಮಾನ ಕಳೀತೀಯಲ್ಲ" ಎಂದಳು ಸುಮಾ.

"ಗೊಂಬೆ ನೋಡಿದ ಮಕ್ಕಳನ್ನ ಬರಿಗೈಲಿ ಕಳಿಸೋದೇನೇ?" ಎಂದೆ.

ಅದಿತಿ ನಡುವೆ ನುಗ್ಗಿ ಅವನಿಗೆ ಹಿಂದಿಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅವನು ನಕ್ಕು, ಹೊರಗಿನ ಹುಲ್ಲುಹಾಸು ತೋರಿಸಿದ.

"ಏನಂದಳೇ?"

"ರಾತ್ರಿ ನೀನು ಹೇಳಿದ ಕತೇನಮ್ಮ, ಒಂದೂ ಬಿಡದೆ" ಎಂದಳು ಸುಮಾ.

ಹುಲ್ಲಿನ ಮೇಲೆ ಕೂತೆ. ಮೊದಲು ನಮ್ಮೂರ ಮಕ್ಕಳ ಹಾಗೆ ಕನ್ನಡದಲ್ಲಿ ಕೇಳಬೇಕು, ಆಮೇಲೆ ತಿಂಡಿ ಎಂದು ಹಟ ಹಿಡಿದೆ. ಅಲ್ಲಿನ ಮಕ್ಕಳು ನಗುತ್ತ, ತೊದಲುತ್ತ ಹೇಗೋ ಕೇಳಿಯೇಬಿಟ್ಟವು. ಅದಿತಿ ಮಾತ್ರ ತುಟಿ ಬಿಚ್ಚದೆ ಡಬ್ಬಿ ಹಿಡಿದು ನಿಂತಿದ್ದಳು. ಕೊನೆಗೆ ಅವಳಿಗೇ ಒಂದೂ ಉಳಿಯಲಿಲ್ಲ.

ಹಬ್ಬ ಮುಗಿದ ಮೇಲೆ ಅದೇ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಬಂದ ಕೆಲಸವಾಗಲಿಲ್ಲವೆಂಬ ಸಂಕಟವಿತ್ತು. ಕಿಟಕಿಯ ಸರಳಿನ ಸಂದಿಯಿಂದ ಅದಿತಿಯ ಕೆನ್ನೆ ಸವರಿದೆ. ರೈಲು ಅಲುಗಿತು. ಅವಳು ಅಂಗೈ ಚಾಚಿದಳು.

"ಅಜ್ಜಿ, ಗೊಂಬೆ ಕೂರ್ಸಿದ್ದೀರಾ?"

ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

"ಬರೋ ವರ್ಷ ಕೂರಿಸ್ತೀನಿ ಕಂದಾ, ಬಾ" ಎಂದು ಕೂಗಿದೆ.

ಅಮ್ಮನ ಕೈ ಬಿಡಿಸಿಕೊಂಡು ಅವಳು ಎರಡು ಹೆಜ್ಜೆ ಓಡಿದಳು. "ಬರ್ತೀನಿ!"